ಕಡುಗನ್ನಾವದ ಏರಿನಲ್ಲಿ ಇಳಿದು ಹತ್ತಿದ್ದು

ಸಿಲೋನಿಗೆ ಹೋಗಿ ಬಂದವರು ಬುದ್ಧನ ಹಲ್ಲನ್ನಿಟ್ಟ ಕ್ಯಾಂಡಿಯ ದಂತ ದೇಗುಲದ ಬಗ್ಗೆ, ಆನೆಗಳ ಬಗ್ಗೆ, ಮುತ್ತು ರತ್ನಗಳ ಬಗ್ಗೆ ಹೇಳುತ್ತಾರೆ. ನನ್ನನ್ನೂ ಜನ ಅದನ್ನೇ ಕೇಳುತ್ತಾರೆ. ಆದರೆ ನಾನು ಕಂಡ ಸಿಲೋನು ಬಹುಮಟ್ಟಿಗೆ ಸೈಕಲಿನ ಮುಂದಿನ ಚಕ್ರದಾಚೆ ಕಾಣುವ ಡಾಂಬರು ರಸ್ತೆ. ಆನೆ ಒಂದು ಕಂಡದ್ದುಂಟು. ಅದು ತನ್ನಷ್ಟಕ್ಕೆ ರಸ್ತೆಯ ಎಡಬದಿಯಲ್ಲಿ ಹೋಗುತ್ತಿತ್ತು, ನಾನು ಬಲಬದಿಯಿಂದ ಅದನ್ನು ದಾಟಿ ಹೋದೆ. ದಾಟುವಾಗ ಬೆಲ್ಲು ಬಾರಿಸಬೇಕೋ ಬೇಡವೋ ಎಂದು ತಿಳಿಯದೆ ಸುಮ್ಮನಿದ್ದೆ. ಹೀಗಾಗಿ ಈ ಬರಹದಲ್ಲಿರುವುದು ಸೈಕಲು, ಸೈಕಲು ಕಲಿಸುವ ಕೆಲವು ಹುಚ್ಚರು, ಮತ್ತು ಒಂದು ಏರು. ಬೇರೆ ಏನಾದರೂ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಪುತ್ತೂರು, ಹೊರಡುವ ಮೊದಲು

ಪುತ್ತೂರಿನ ಒಂದು ಶಾಲೆಯಲ್ಲಿ ನಾನು ಡ್ರಿಲ್ ಟೀಚರು. ಹುಡುಗಿಯರಿಗೆ ಲೇಜಿಮು, ಥ್ರೋಬಾಲು ಕಲಿಸುವುದು ಸಾಲದೆಂದು ಶನಿವಾರ ಬೆಳಿಗ್ಗೆ ಸೈಕಲ್ ಕ್ಲಾಸು ಶುರುಮಾಡಿದ್ದೆ. ಸೈಕಲುಗಳನ್ನು ಕೊಟ್ಟವರು ನನ್ನ ಸೋದರಮಾವ ಸೇಸಪ್ಪ ಮಾವ. ಅವರಿಗೆ ಬೆಳ್ಳಾರೆಯಲ್ಲಿ ಸೈಕಲ್ ಶಾಪು. ಶಾಪಿನ ಕೆಲಸಕ್ಕಿಂತ ಅವರಿಗೆ ಪ್ರೀತಿಯದ್ದು ಸುಳ್ಯ, ಪುತ್ತೂರಿನ ಕಡೆ ನಡೆಯುವ ಸೈಕಲ್ ರೇಸುಗಳಿಗೆ ಗಂಡಸರನ್ನು ತಯಾರು ಮಾಡುವುದು. ನನಗೆ ಸೈಕಲು ಕಲಿಸಿದವರೂ ಅವರೇ. ನಮ್ಮದು ತುಳು ಮನೆ. ಅಲ್ಲಿ ಸೋದರಮಾವ ಎಂದರೆ ತಂದೆಗಿಂತ ಒಂದು ಕೈ ಮೇಲೆ.

ನಮ್ಮ ಕಡೆ ಸಪಾಟು ಎಂಬುದು ಗದ್ದೆಯಲ್ಲಿ ಮಾತ್ರ ಇರುವುದು. ರಸ್ತೆ ಏನಿದ್ದರೂ ಹತ್ತುತ್ತದೆ ಅಥವಾ ಇಳಿಯುತ್ತದೆ. ಹಾಗಾಗಿ ಸೈಕಲಿನವರಿಗೆ ಎರಡು ಅಭ್ಯಾಸ. ಒಂದು, ಏರು ಬಂದ ಕೂಡಲೇ ಇಳಿದು ದೂಡುವುದು. ಇದರಲ್ಲಿ ನಾಚಿಕೆಯೇನಿಲ್ಲ. ನಡೆದು ಹೋಗುವವರ ಜೊತೆ ಮಾತಾಡಿಕೊಂಡು, ಎಲೆಯಡಿಕೆ ಹಾಕಿಕೊಂಡು ಏರಿನ ತಲೆಯವರೆಗೆ ಹೋಗಿ ಮತ್ತೆ ಹತ್ತಿದರಾಯಿತು. ಎರಡನೆಯದು, ಹಿರಿಯರು ಎದುರು ಸಿಕ್ಕಿದರೆ ಇಳಿಯುವುದು. ಸೀಟಿನ ಮೇಲೆ ಕೂತುಕೊಂಡೇ ಅವರನ್ನು ದಾಟಿ ಹೋದರೆ ಸಂಜೆಯೊಳಗೆ ಮನೆಗೆ ದೂರು ಬರುತ್ತದೆ. ನನ್ನ ಹುಡುಗಿಯರು ಶಾಲೆಯ ಮೈದಾನದಿಂದ ಪೇಟೆಗೆ ಹೋಗುವಷ್ಟರಲ್ಲಿ ಅಜ್ಜಂದಿರು, ಭಟ್ಟರು, ಹೆಡ್ ಮಾಸ್ಟರು ಎಂದು ಹತ್ತಾರು ಸಲ ಇಳಿಯಬೇಕು. ಇಳಿಯುವುದು ಸುಲಭ, ಏರಿನ ನಡುವೆ ಇಳಿದರೆ ಮತ್ತೆ ಹತ್ತುವುದು ಕಷ್ಟ. ಅದಕ್ಕೆ ಮಾವ ಒಂದು ಉಪಾಯ ಹೇಳಿಕೊಟ್ಟಿದ್ದರು. ಸೈಕಲನ್ನು ಏರಿಗೆ ಅಡ್ಡ ತಿರುಗಿಸಬೇಕು. ಅಡ್ಡಕ್ಕೆ ರಸ್ತೆ ಸಪಾಟೇ ಅಲ್ಲವೇ? ಆ ಅಗಲದಲ್ಲಿ ಹತ್ತಿ ಒಂದೆರಡು ಸಲ ತುಳಿದು, ಓಟ ಸಿಕ್ಕಿದ ಮೇಲೆ ಮೇಲಕ್ಕೆ ತಿರುಗಬೇಕು. ಸಣ್ಣ ಏರುಗಳಲ್ಲಿ ನನ್ನ ಹುಡುಗಿಯರಿಗೆ ಇದು ಚೆನ್ನಾಗಿ ಕೂತುಹೋಗಿತ್ತು.

ಶಾಲಾ ಕಮಿಟಿಯ ಅಧ್ಯಕ್ಷರು ಕಿಟ್ಟಣ್ಣ ರೈಗಳು. ಕೆಟ್ಟವರಲ್ಲ, ಹಟದವರು. ಒಂದು ದಿನ ನನ್ನನ್ನು ಕರೆಸಿದರು.

"ಟೀಚರೇ, ಕೋಪ ಮಾಡಬೇಡಿ. ಇದು ಗುಡ್ಡದ ಊರು. ಗಂಡಸರೇ ಏರು ಬಂದರೆ ಇಳಿದು ದೂಡುದು. ನಾನೂ ದೂಡುದು. ಈ ಹುಡುಗಿಯರು ಸೀರೆ, ಲಂಗ ಹಾಕಿಕೊಂಡು ಎಂತ ಮಾಡ್ತಾರೆ? ಅರ್ಧ ದಾರಿ ದೂಡುದಾದ್ರೆ ನಡೆದೇ ಹೋಗಬಹುದಲ್ಲ? ಆ ಕ್ಲಾಸು ನಿಲ್ಲಿಸುವ."

"ಏರು ಹತ್ತಲಿಕ್ಕೆ ಆಗ್ತದೆ ರೈಗಳೇ."

"ಯಾರು ಹತ್ತಿದ್ದಾರೆ ಮಾರಾಯ್ತಿ?"

ಶಾಲೆಯ ಏರನ್ನು ನಾನು ಹತ್ತಿದ್ದೆ. ಆದರೆ ಅದು ಬೆಳಗಿನ ಜಾವ, ಸಾಕ್ಷಿಗೆ ಇದ್ದದ್ದು ಒಂದು ನಾಯಿ.

ಅದೇ ಸಮಯಕ್ಕೆ ಸಿಲೋನಿನಿಂದ ಕರೆ ಬಂತು. ನಮ್ಮ ಬೆಳ್ಳಾರೆಯ ವಾಸಣ್ಣ ಕೊಲಂಬೊದಲ್ಲಿ ಹೋಟೆಲು ಇಟ್ಟವರು. ಅಲ್ಲಿಯ ಒಂದು ಸೈಕಲ್ ಕ್ಲಬ್ಬಿನವರು ಸೈಕಲು ಕಲಿಸುವವರನ್ನೆಲ್ಲ ಒಟ್ಟು ಸೇರಿಸಿ ಒಂದು ವಾರ ಮಾತು, ಸವಾರಿ ಇಟ್ಟುಕೊಂಡಿದ್ದರಂತೆ. ವಾಸಣ್ಣ ಅವರ ಕಿವಿಯಲ್ಲಿ ಮಾವನ ಮತ್ತು ನನ್ನ ಹೆಸರು ಊದಿದ್ದರು. ಕೊನೆಯ ದಿನ ಎಲ್ಲರೂ ಒಂದು ದೊಡ್ಡ ಏರನ್ನು ಹತ್ತುವುದೂ ಅದರಲ್ಲಿ ಸೇರಿತ್ತು. ವಿಷಯ ರೈಗಳ ಕಿವಿಗೆ ಬಿತ್ತು.

"ಸರಿ," ಎಂದರು. "ಆ ಸಿಲೋನಿನವರ ಗುಡ್ಡವನ್ನು ಸೀರೆ ಉಟ್ಟುಕೊಂಡು, ಒಂದು ಹೆಜ್ಜೆಯೂ ದೂಡದೆ ಹತ್ತಿ ಬನ್ನಿ. ಕ್ಲಾಸು ಉಂಟು. ಆಗದಿದ್ದರೆ ಸೈಕಲುಗಳು ಬೆಳ್ಳಾರೆಗೆ ವಾಪಸು. ಸಾಕ್ಷಿ ನಿಮ್ಮ ಮಾವನೇ ಸಾಕು. ಸೇಸಪ್ಪ ಸುಳ್ಳು ಹೇಳುವ ಜನ ಅಲ್ಲ."

ಈ ಕೊನೆಯ ಮಾತೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮಾವ ಸೈಕಲು ಮಾರುವಾಗ ಗಿರಾಕಿ ಕೇಳುವ ಮೊದಲೇ ಅದರ ಫೋರ್ಕು ಬಾಗಿದೆ ಎಂದು ಹೇಳಿಬಿಡುವವರು. ನನಗೂ ಮೊದಲೇ ಹೇಳಿದರು: "ನಾನು ಕಂಡದ್ದನ್ನು ಹೇಳುವವ. ಅಕ್ಕನ ಮಗಳು ಅಂತ ಒಂದು ಹೆಜ್ಜೆ ಬಿಟ್ಟು ಹೇಳುದಿಲ್ಲ."

ನನ್ನ ಯಜಮಾನರು ಕಡಬದಲ್ಲಿ ಮಾಸ್ಟರು. ಅವರು ಮಾತ್ರ ತಕರಾರಿಲ್ಲದೆ ಒಪ್ಪಿದರು. "ಹೋಗಿ ಬಾ. ಬಿದ್ದರೆ ಎಡಬದಿಗೆ ಬೀಳು, ಬಲಗೈ ಬರೆಯಲಿಕ್ಕೆ ಬೇಕು," ಎಂದು ಹೇಳಿ ಕಳಿಸಿದರು.

ಧನುಷ್ಕೋಡಿ

ಆಗ ಧನುಷ್ಕೋಡಿಯ ರೇವು ಇನ್ನೂ ಇತ್ತು. ಸಮುದ್ರ ಅದನ್ನು ನುಂಗಿದ್ದು ಆಮೇಲೆ. ಮಂಗಳೂರಿನಿಂದ ರೈಲು ಹತ್ತಿ, ಎಲ್ಲೆಲ್ಲೋ ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಸೀರೆಗೆಲ್ಲ ಇಂಜಿನಿನ ಮಸಿ. ಸೈಕಲುಗಳು ಗಾರ್ಡಿನ ಡಬ್ಬಿಯಲ್ಲಿದ್ದವು. ಮಾವ ಪ್ರತಿ ಜಂಕ್ಷನ್ನಿನಲ್ಲೂ ಇಳಿದು ಓಡಿ ಹೋಗಿ ಅವುಗಳನ್ನು ನೋಡಿ ಬರುತ್ತಿದ್ದರು, ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟ ತಾಯಿಯ ಹಾಗೆ. ನಾನು ಕಿಟಕಿಯಿಂದ ಕೈ ಬೀಸಿ, "ರೈಲು ಹೊರಡ್ತದೆ ಮಾವ!" ಎಂದು ಕೂಗುವುದು, ಪಕ್ಕದವರು ನಗುವುದು, ಹೀಗೇ ದಾರಿ ಸಾಗಿತು.

ಹಡಗಿನಲ್ಲಿ ನನಗೆ ಏನೂ ಆಗಲಿಲ್ಲ. ಮಾವ ಮಾತ್ರ ಕಂಬಿ ಹಿಡಿದುಕೊಂಡು ಕೂತುಬಿಟ್ಟರು. ಬೆಳ್ಳಾರೆಯಿಂದ ಪುತ್ತೂರಿಗೆ ಬೆಲ್ಲದ ಗೋಣಿ ಹೇರಿಕೊಂಡು ಸೈಕಲು ತುಳಿದ ಮನುಷ್ಯನನ್ನು ಸಮುದ್ರ ಇಷ್ಟು ಸುಲಭವಾಗಿ ಸೋಲಿಸಿದ್ದು ಕಂಡು ನನಗೆ ನಗು ಬಂತು. "ನಗು, ನಗು. ನಿನ್ನ ಸರದಿ ಗುಡ್ಡದಲ್ಲಿ," ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದರು.

ಆಚೆ ದಡದ ತಲೈಮನ್ನಾರಿನಲ್ಲಿ ಕಸ್ಟಮ್ಸಿನವರು ನಮ್ಮ ಸಾಮಾನು ಬಿಚ್ಚಿಸಿದರು. ಬಂದದ್ದು ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗುಡ್ಡ ಹತ್ತಲಿಕ್ಕೆ ಎಂದೆ. ಯಾವ ಗುಡ್ಡ? ಅದು ನಮಗೂ ಗೊತ್ತಿರಲಿಲ್ಲ. ಅವರಲ್ಲೊಬ್ಬರು ಸ್ವತಃ ಸೈಕಲಿನವರಂತೆ. ಅವರು ನನ್ನ ಲೇಡೀಸ್ ಸೈಕಲನ್ನು ನೋಡಿದರು, ಸೀರೆಯನ್ನು ನೋಡಿದರು, "ಕಡುಗನ್ನಾವವೇ ಇರಬೇಕು," ಎಂದು ಸೈಕಲಿನ ಸೀಟಿಗೆ ಸೀಮೆಸುಣ್ಣದ ಗುರುತು ಹಾಕಿ ತಲೆ ಅಲ್ಲಾಡಿಸಿದರು. ಅಲ್ಲಿಯವರು ತಲೆ ಅಲ್ಲಾಡಿಸುವುದೂ ನಮ್ಮ ಹಾಗೆಯೇ. ಅದು ಹೌದೋ, ಅಲ್ಲವೋ, ಅಯ್ಯೋ ಪಾಪವೋ ಎಂದು ತಿಳಿಯುವುದಿಲ್ಲ.

ಕೊಲಂಬೊ

ವಾಸಣ್ಣನ ಹೋಟೆಲಿನಲ್ಲಿ ತುಳು ಕೇಳಿ ಮಾವನಿಗೆ ಜೀವ ಬಂತು. ವಾಸಣ್ಣ ನಮ್ಮನ್ನು ಕೂರಿಸಿ, ಬೆಳ್ಳಾರೆ ಪೇಟೆಯ ಒಂದೊಂದು ಅಂಗಡಿಯ ಸುದ್ದಿಯನ್ನೂ ಕೇಳಿದರು. ಅಲ್ಲಿಯವರ ಬೆಳಗಿನ ತಿಂಡಿ ನೋಡಿದರೆ ನಮ್ಮ ಒತ್ತು ಶ್ಯಾವಿಗೆಯೇ! ತೆಂಗಿನಕಾಯಿ ಚಟ್ನಿಯ ಜೊತೆ ಅದನ್ನು ತಿಂದು, ಮಧ್ಯಾಹ್ನ ಕೆಂಪು ಕುಚ್ಚಲಕ್ಕಿ ಅನ್ನ ಉಂಡ ಮೇಲೆ ಮಾವ ಗಂಭೀರವಾಗಿ ಕೇಳಿದರು: "ರತ್ನ, ನಾವು ನಿಜವಾಗಿ ಸಮುದ್ರ ದಾಟಿದ್ದೇವಾ?"

ನಮ್ಮನ್ನು ಕರೆದೊಯ್ಯಲು ಬಂದವರು ಕ್ಲಬ್ಬಿನ ಪೀರಿಸ್ ಮಾಸ್ಟರು. ಎತ್ತರದ, ಒಣಕಲು ಮನುಷ್ಯ. ಇಂಗ್ಲೆಂಡಿಗೆ ಹೋಗಿ ಸೈಕಲ್ ತರಬೇತಿ ಕಲಿತು ಬಂದವರು. ಅವರ ಕೊರಳಿನಲ್ಲಿ ಸ್ಟಾಪ್ ವಾಚು, ಮಾವನ ಸೊಂಟದಲ್ಲಿ ಸ್ಪಾನರು. ಇಬ್ಬರೂ ಮೊದಲು ನೋಡಿದ್ದು ಪರಸ್ಪರರ ಮುಖವನ್ನಲ್ಲ, ಸೈಕಲನ್ನು. ಪೀರಿಸರು ಮಾವನ ಸೈಕಲಿನ ಪೆಡಲನ್ನು ಬೆರಳಿನಿಂದ ತಿರುಗಿಸಿ ಅದು ಎಷ್ಟು ಹೊತ್ತು ತಿರುಗುತ್ತದೆ ಎಂದು ನೋಡಿದರು. ಮಾವ ಅವರ ಸೈಕಲಿನ ಚೈನನ್ನು ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಇಬ್ಬರೂ ನಕ್ಕು ಕೈ ಕುಲುಕಿದರು.

ಸಂಜೆ ಸಮುದ್ರದ ಬದಿಯಲ್ಲಿ ಸವಾರಿ. ಕೊಲಂಬೊ ಎಂದರೆ ಪೂರಾ ಸಪಾಟು. "ಇಲ್ಲಿ ಸೈಕಲು ಕಲಿಸಲಿಕ್ಕೆ ಗುರು ಯಾಕೆ?" ಎಂದು ಮಾವ ಗೊಣಗಿದರು. ನಾನು ಸಂತೋಷದಲ್ಲಿ ತುಳಿಯುತ್ತಿದ್ದೆ. ಎದುರಿನಿಂದ ಬಿಳಿ ತಲೆಯ ಒಬ್ಬರು ಬಂದರು, ಇಳಿದೆ. ಮತ್ತೆ ಹತ್ತಿದೆ. ಕೋಲೂರಿಕೊಂಡ ಒಬ್ಬಜ್ಜಿ ಬಂದರು, ಇಳಿದೆ. ಆಮೇಲೆ ಒಬ್ಬ ಮುದಿ ಮೀನು ಮಾರುವವನು. ಮೂರನೆಯ ಸಲಕ್ಕೆ ಪೀರಿಸರು ತಿರುಗಿ ಬಂದು ನನ್ನ ಟೈರುಗಳನ್ನು ಒತ್ತಿ ನೋಡಿದರು. ಗಾಳಿ ಸರಿ ಇತ್ತು. ಬ್ರೇಕು ನೋಡಿದರು. ಅದೂ ಸರಿ. ಕೊನೆಗೆ ನನ್ನನ್ನೇ ನೋಡಿ, ಮೈ ಸರಿಯಿಲ್ಲವೇ ಎಂದು ಕೇಳಿದರು.

ನಾನು ವಿಷಯ ಹೇಳಿದೆ. ಅವರು ರಸ್ತೆಯ ಮಧ್ಯದಲ್ಲೇ ನಿಂತು ಗಹಗಹಿಸಿ ನಕ್ಕರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗೆ: "ನಮ್ಮ ದೇಶದಲ್ಲಿ ಮುದುಕರಿಗೆ ಬರವಿಲ್ಲ ಟೀಚರ್. ನೀವು ಹೀಗೆ ಹೋದರೆ ಕ್ಯಾಂಡಿಗೆ ಮುಟ್ಟುವುದು ಮುಂದಿನ ವರ್ಷ." ನನಗೆ ಸ್ವಲ್ಪ ಅವಮಾನವಾಯಿತು. ಮಾವನಿಗೆ ಇನ್ನೂ ಹೆಚ್ಚು ಆಯಿತೆಂದು ಕಾಣುತ್ತದೆ, ಆಮೇಲೆ ಎದುರಾದ ಇಬ್ಬರು ಅಜ್ಜಂದಿರಿಗೆ ಅವರೂ ಬೇಕೆಂದೇ ಇಳಿದರು.

ಕ್ಯಾಂಡಿ

ಕ್ಯಾಂಡಿಗೆ ನಮ್ಮನ್ನೂ ಸೈಕಲುಗಳನ್ನೂ ಲಾರಿಯಲ್ಲಿ ಕರೆದೊಯ್ದರು. ರಸ್ತೆಯ ಎರಡೂ ಬದಿಯಲ್ಲಿ ಹಲಸು, ಕಾಳುಮೆಣಸು, ಅಡಿಕೆ, ಬೈನೆ ಮರ. ಇಷ್ಟು ದೂರ ಬಂದು ನಮ್ಮ ಪುತ್ತೂರಿನ ಬದಿಯ ಬೆಟ್ಟಂಪಾಡಿಯನ್ನೇ ಕಂಡ ಹಾಗಾಯಿತು. ವ್ಯತ್ಯಾಸ ಇಷ್ಟೇ, ಬೆಟ್ಟಂಪಾಡಿಯಲ್ಲಿ ನೆಂಟರು ಬಂದರೆ ಬೆಲ್ಲ ನೀರು ಕೊಡುತ್ತಾರೆ, ಇಲ್ಲಿ ಸಕ್ಕರೆ ಹಾಕದ ಚಹಾ ಕೊಟ್ಟು ಅಂಗೈಗೆ ಬೈನೆ ಬೆಲ್ಲದ ತುಂಡು ಇಡುತ್ತಾರೆ. ಬೆಲ್ಲ ಕಚ್ಚುವುದು, ಚಹಾ ಕುಡಿಯುವುದು. ಊರಿಗೆ ಬಂದ ಮೇಲೂ ನಾನು ಹೀಗೆಯೇ ಕುಡಿಯುತ್ತೇನೆ, ಮನೆಯವರು ನಗುತ್ತಾರೆ.

ಒಂದು ಶಾಲೆಯಲ್ಲಿ ನಮ್ಮ ಬೀಡು. ಸಿಲೋನಿನ ಬೇರೆ ಬೇರೆ ಊರುಗಳಿಂದ ಸೈಕಲು ಕಲಿಸುವವರು ಬಂದಿದ್ದರು. ಹೆಂಗಸರು ನಾನು ಮತ್ತು ಕುಸುಮಾ ಇಬ್ಬರೇ. ಕುಸುಮಾ ಅಲ್ಲಿಯೇ ಹುಡುಗಿಯರ ಶಾಲೆಯೊಂದರಲ್ಲಿ ನನ್ನಂತೆ ಡ್ರಿಲ್ ಟೀಚರು, ವಯಸ್ಸಿನಲ್ಲಿ ಚಿಕ್ಕವಳು. ಬಂದವಳೇ ನನ್ನನ್ನು "ಅಕ್ಕಾ" ಎಂದು ಕರೆದಾಗ ನಾನು ಬೆಚ್ಚಿಬಿದ್ದೆ. ಅವರ ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ, ಮಾವನಿಗೆ ಮಾಮಾ. ಆ ಕ್ಷಣದಿಂದ ಮಾವ ಇಡೀ ಶಿಬಿರಕ್ಕೆ ಮಾಮಾ ಆಗಿಬಿಟ್ಟರು.

ಇಡೀ ದಿನ ಮಾತು ಎಂದರೆ ಸೈಕಲು. ಊಟದ ಎಲೆಯ ಮುಂದೆ ಕೂತರೂ ಒಬ್ಬರು ಸೌಟನ್ನೇ ಹ್ಯಾಂಡಲು ಮಾಡಿ ತಿರುವಿನಲ್ಲಿ ಹೇಗೆ ಬಾಗಬೇಕು ಎಂದು ತೋರಿಸುವವರು. ಇಂಥ ಜನರ ನಡುವೆ ನಾನು ಹಿಂದೆಂದೂ ಇರಲಿಲ್ಲ. ಪುತ್ತೂರಿನಲ್ಲಿ ನನ್ನ ಈ ಹುಚ್ಚನ್ನು ಸಹಿಸಿಕೊಳ್ಳುತ್ತಿದ್ದರು, ಇಲ್ಲಿ ಎಲ್ಲರಿಗೂ ಅದೇ ಹುಚ್ಚು. ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಪೀರಿಸರು ಹಲಗೆಯ ಮೇಲೆ ದುಂಡಗೆ ಚಕ್ರ ಬರೆದು, ಕಾಲು ಪೆಡಲನ್ನು ಕೆಳಗೆ ಒತ್ತಿದರೆ ಸಾಲದು, ಸುತ್ತಿಸಬೇಕು ಎಂದು ವಿವರಿಸಿದರು. ಚೆನ್ನಾಗಿ ಹೇಳಿದರು. ಅದನ್ನು ನಾನು ಇಂದಿಗೂ ಹುಡುಗಿಯರಿಗೆ ಹೇಳುತ್ತೇನೆ. ಆಮೇಲೆ ಮಾವನ ಸರದಿ. ಸೈಕಲಿನ ಮಾತೆಲ್ಲ ಇಂಗ್ಲಿಷೇ ಆದ್ದರಿಂದ ಬ್ರೇಕು, ಫ್ರೀವೀಲು, ಪಂಕ್ಚರು ಎಂದು ಅರ್ಧ ಭಾಷಣಕ್ಕೆ ಅವರಲ್ಲಿ ಭಾಷೆ ಇತ್ತು. ಉಳಿದ ಅರ್ಧವನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಮಾವನ ಪಾಠ ಒಂದೇ. ಏರು ಹತ್ತುವವನು ಬಾಯಿಬಿಟ್ಟು ಮಾತಾಡುತ್ತಾ ಹತ್ತಬೇಕು. "ಮಾತಾಡ್ಲಿಕ್ಕೆ ಉಸಿರು ಉಂಟಾದ್ರೆ ಕಾಲಿಗೂ ಉಸಿರು ಉಂಟು. ಮಾತು ನಿಂತಿತಾ, ಜೋರು ಆಯ್ತು ಅಂತ ಲೆಕ್ಕ. ಸ್ವಲ್ಪ ಮೆಲ್ಲ ತುಳಿ." ಏನು ಮಾತಾಡುವುದು? ಅದಕ್ಕೂ ಅವರಲ್ಲಿ ಉತ್ತರವಿತ್ತು. ಪುತ್ತೂರಿನಿಂದ ಬೆಳ್ಳಾರೆಯವರೆಗೆ ಬಸ್ಸು ನಿಲ್ಲುವ ಜಾಗಗಳ ಹೆಸರು ಹೇಳುತ್ತಾ ಹೋಗುವುದು. ಬೆಳ್ಳಾರೆಯ ಅವರ ರೇಸಿನ ಗಂಡಸರೆಲ್ಲ ದರ್ಬೆ, ಸಂಟ್ಯಾರು, ಕುಂಬ್ರ ಎಂದು ಜಪಿಸಿಕೊಂಡೇ ಗುಡ್ಡ ಹತ್ತುವವರು.

ಸಭೆಯಲ್ಲಿ ಸ್ವಲ್ಪ ನಗು ಎದ್ದಿತು. ಪೀರಿಸರೂ ನಕ್ಕರು, ಆದರೆ ಕೊರಳಿನ ಗಡಿಯಾರವನ್ನು ತಿರುವುತ್ತಾ ಏನೋ ಯೋಚಿಸಿದರು.

ಸಂಜೆ ನಾನು ಕುಸುಮಾಳಿಗೆ ರೈಗಳ ಷರತ್ತನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಶಾಲೆಯಲ್ಲೂ ಹುಡುಗಿಯರು ಸಪಾಟಿನಲ್ಲಿ ಮಾತ್ರ ತುಳಿಯಬೇಕೆಂದು ಕಟ್ಟಳೆಯಂತೆ. ಕಡುಗನ್ನಾವವನ್ನು ಅವಳೂ ಹಿಂದೆ ಎರಡು ಸಲ ಹತ್ತಲು ಹೋಗಿ ಅರ್ಧದಲ್ಲಿ ದೂಡಿದ್ದಳು. "ನಾಳೆ ಹತ್ತಿಬಿಡೋಣ ಅಕ್ಕಾ," ಎಂದಳು. ಆಮೇಲೆ ಬೆರಳು ತೋರಿಸಿ ಎಚ್ಚರಿಸಿದಳು: "ಆದರೆ ದಾರಿಯಲ್ಲಿ ಅಜ್ಜಂದಿರನ್ನು ಕಂಡು ಇಳಿಯಬೇಡಿ!"

ಕಡುಗನ್ನಾವ

ಕೊಲಂಬೊದಿಂದ ಕ್ಯಾಂಡಿಗೆ ಬರುವ ರಸ್ತೆ ಕಡುಗನ್ನಾವದಲ್ಲಿ ಗುಡ್ಡಕ್ಕೆ ಸುತ್ತು ಹಾಕುತ್ತಾ ಹತ್ತುತ್ತದೆ. ಬೆಳಿಗ್ಗೆ ನಮ್ಮನ್ನೂ ಸೈಕಲುಗಳನ್ನೂ ಲಾರಿಯಲ್ಲಿ ತುಂಬಿ ಏರಿನ ಬುಡದಿಂದ ಸ್ವಲ್ಪ ಹಿಂದೆ ಇಳಿಸಿದರು. ನಾನು ಕೈಮಗ್ಗದ ಸೀರೆಯನ್ನು ಕಣಕಾಲಿನಿಂದ ಮೇಲಕ್ಕೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದೆ. ಹಿಂದಿನ ಚಕ್ರಕ್ಕೆ ಮಾವ ಹೆಚ್ಚು ಹಲ್ಲುಗಳ ಫ್ರೀವೀಲು ಹಾಕಿದ್ದರು. ಅದರಿಂದ ತುಳಿಯುವುದು ಹಗುರ, ಹೋಗುವುದು ನಿಧಾನ. "ಹಾರುದು ಬೇಡ, ಹತ್ತುದು ಸಾಕು," ಎಂದರು. ನನಗೆ ಮಾತ್ರ ಶನಿವಾರದ ಹುಡುಗಿಯರೆಲ್ಲ ನನ್ನ ಕ್ಯಾರಿಯರಿನ ಮೇಲೆ ಕೂತಿದ್ದಾರೋ ಅನ್ನಿಸುವಷ್ಟು ಭಾರ.

ಹೊರಟೆವು. ಎಲ್ಲರೂ ಸರಾಗವಾಗಿ ಹೋಗಿ ಏರಿಗೆ ತಿರುಗಿದರು. ನಾನು ಏರಿನ ಬುಡಕ್ಕೆ ಬಂದೆ, ಇಳಿದೆ.

ಯಾಕೆ ಇಳಿದೆ? ನನಗೇ ಗೊತ್ತಾಗಲಿಲ್ಲ. ಏರು ಕಂಡ ಕೂಡಲೇ ಕಾಲು ತಾನಾಗಿಯೇ ನೆಲಕ್ಕೆ ಬಂದಿತ್ತು, ಹುಟ್ಟಿದಂದಿನಿಂದ ಪುತ್ತೂರಿನಲ್ಲಿ ಮಾಡಿದ ಹಾಗೆ. ತಿರುಗಿ ನೋಡಿದರೆ ಮಾವನೂ ಇಳಿದು, ಹ್ಯಾಂಡಲು ಹಿಡಿದುಕೊಂಡು, ಎಲೆಯಡಿಕೆಗೆ ಜೇಬು ತಡಕುತ್ತಿದ್ದಾರೆ!

"ಎಂತ ಮಾರಾಯ್ತಿ, ಯಾಕೆ ಇಳಿದದ್ದು?"

"ನೀವು ಯಾಕೆ ಇಳಿದದ್ದು ಮಾವ?"

ಮಾವ ತಮ್ಮ ಕಾಲನ್ನು ತಾವೇ ನೋಡಿಕೊಂಡರು. "ಇಳಿದದ್ದು ಹೌದು. ದೂಡ್ಲಿಲ್ಲ ಅಲ್ಲ? ಹತ್ತು, ಹತ್ತು!"

ಹತ್ತಿದೆ. ಮುಂದೆ ಹೋದವರ ಬೆನ್ನುಗಳು ತಿರುವಿನಲ್ಲಿ ಮರೆಯಾಗುತ್ತಿದ್ದವು. ಹಿಂದಿನಿಂದ ಮಾವನ ಸ್ವರ: "ಬಸ್ಸು ಬಿಡು ರತ್ನ!" ನಾನು ಬಸ್ಸು ಬಿಟ್ಟೆ. ಪುತ್ತೂರು, ದರ್ಬೆ, ಮುಕ್ರಂಪಾಡಿ. ಒಂದು ತಿರುವು. ಸಂಟ್ಯಾರು, ಕುಂಬ್ರ. ಮತ್ತೊಂದು ತಿರುವು. ಬೆವರು ಕಣ್ಣಿಗಿಳಿಯಿತು. ಉಸಿರು ಸಾಲದೆ ಕುಂಬ್ರದಲ್ಲೇ ನಾಲ್ಕೈದು ಸಲ ನಿಂತೆ, ಎಂದರೆ ಬಸ್ಸು ನಿಂತಿತು, ಸೈಕಲು ನಿಲ್ಲಲಿಲ್ಲ. ಸೌದೆ ಹೊತ್ತ ಒಬ್ಬಜ್ಜಿ ಎದುರಾದರು. ಕಾಲು ಇಳಿಯಲು ತವಕಿಸಿತು. ಕುಸುಮಾ ಹೇಳಿದ್ದು ನೆನಪಾಗಿ, ಸೀಟಿನ ಮೇಲಿಂದಲೇ ತಲೆ ತಗ್ಗಿಸಿ ನಮಸ್ಕಾರ ಮಾಡಿದೆ. ಮನಸ್ಸಿಗೆ ಸರಿಬರಲಿಲ್ಲ, ಆದರೆ ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕರು.

ಏರಿನ ಅತ್ಯಂತ ಕಡಿದಾದ ತಿರುವಿಗೆ ಬಂದಾಗ ನಮ್ಮವರೆಲ್ಲ ರಸ್ತೆಯ ನಡುವೆ ನಿಂತಿದ್ದರು! ಪೀರಿಸ್ ಮಾಸ್ಟರು ಸೈಕಲಿನಿಂದ ಇಳಿದು, ತಲೆಯ ಟೊಪ್ಪಿ ತೆಗೆದು, ಕೈ ಮುಗಿದಿದ್ದರು. ಕುಸುಮಾ ಸೊಂಟ ಬಗ್ಗಿಸಿ ನಿಂತಿದ್ದಳು. ನೋಡಿದರೆ, ಗುಡ್ಡದ ಮೇಲಿನ ವಿಹಾರದ ಕಡೆಯಿಂದ ಕಾವಿ ಉಟ್ಟ ವೃದ್ಧ ಭಿಕ್ಷುಗಳ ಸಾಲು ಕೊಡೆ ಹಿಡಿದುಕೊಂಡು ನಿಧಾನವಾಗಿ ರಸ್ತೆ ದಾಟುತ್ತಿತ್ತು. ಭಿಕ್ಷುಗಳ ಎದುರು ಸೈಕಲಿನ ಮೇಲೆ ಕೂರುವಂತಿಲ್ಲ. ಎಲ್ಲರೂ ಇಳಿದಿದ್ದರು. ನಾನೂ ಇಳಿದೆ, ಈ ಸಲ ಸಮಾಧಾನದಿಂದ.

"ಈಗ ಯಾರು ಇಳಿದದ್ದು?" ಎಂದು ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಕೊನೆಯ ಭಿಕ್ಷು ದಾಟಿದರು. ಎಲ್ಲರೂ ಮತ್ತೆ ಹತ್ತಲು ಹೊರಟರು. ಆಗ ಶುರುವಾಯಿತು ತಮಾಷೆ. ರೇಸಿನ ಸೈಕಲುಗಳ ಪೆಡಲಿನಲ್ಲಿ ಪಾದ ಬಿಗಿಯುವ ಪಟ್ಟಿ. ಒಂದು ಪಾದ ಬಿಗಿದು, ಇನ್ನೊಂದು ಪಾದ ಬಿಗಿಯುವ ಮೊದಲೇ ಸೈಕಲು ನಿಂತು ವಾಲುತ್ತದೆ. ಆ ಕಡಿದಿನಲ್ಲಿ ಒಂದು ಸುತ್ತು ತುಳಿಯುವಷ್ಟು ಓಟವೂ ಸಿಕ್ಕುವುದಿಲ್ಲ. ಪೀರಿಸರು ಕಾಲು ಬಿಗಿದುಕೊಂಡೇ ಪಕ್ಕಕ್ಕೆ ಬಿದ್ದರು. ಇಬ್ಬರು ಓಟ ಸಿಗಲೆಂದು ಕೆಳಗಿನ ತಿರುವಿನವರೆಗೆ ಹಿಂದೆ ಹೋದರು. ಉಳಿದವರು ದೂಡತೊಡಗಿದರು. ಕುಸುಮಾ ಎರಡು ಸಲ ಹತ್ತಲು ಹೋಗಿ ಜಾರಿದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಇದು ನನಗೆ ಗೊತ್ತಿದ್ದ ಏರು. ಶಾಲೆಯ ಏರಿನ ನಡುವೆ ಹೆಡ್ ಮಾಸ್ಟರು ಸಿಕ್ಕಿದ ಹಾಗೆ, ಅಷ್ಟೇ. ಮೇಲಿನಿಂದ ಲಾರಿ ಬರುತ್ತಿಲ್ಲ ಎಂದು ನೋಡಿಕೊಂಡೆ. ಸೈಕಲನ್ನು ರಸ್ತೆಗೆ ಅಡ್ಡ ತಿರುಗಿಸಿದೆ. ಪೆಡಲಿಗೆ ಎಡಗಾಲು, ಒಂದು ನೆಗೆತ, ಸೀಟು. ಅಡ್ಡಕ್ಕೆ ಎರಡು ಸಲ ತುಳಿದು ಹ್ಯಾಂಡಲು ಮೇಲಕ್ಕೆ ತಿರುಗಿಸಿದೆ. ಸೈಕಲು ಒಮ್ಮೆ ನಡುಗಿತು, ಆಮೇಲೆ ಹೊರಟಿತು.

"ಕುಸುಮಾ, ಅಡ್ಡ! ಅಡ್ಡ ತಿರುಗಿಸು!" ಎಂದು ಕೂಗಿದೆ. ಕೂಗಿದ್ದು ಯಾವ ಭಾಷೆಯಲ್ಲೋ ದೇವರಿಗೇ ಗೊತ್ತು. ಅವಳು ಕಣ್ಣಿನಿಂದಲೇ ಅರ್ಥಮಾಡಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಹಿಂದೆ ಎರಡು ಸೈಕಲುಗಳ ಸದ್ದು ಕೇಳಿಸಿತು, ಮಾವನದ್ದು ಮತ್ತು ಅವಳದ್ದು. ನಾವು ಮೂವರೇ ಮುಂದೆ, ಇಡೀ ಕ್ಲಬ್ಬು ಹಿಂದೆ.

ಕೊನೆಯವರೆಗೂ ಮುಂದಿದ್ದೆವು ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಏರು ಸ್ವಲ್ಪ ಸಡಿಲವಾದ ಕಡೆ ರೇಸಿನವರು ಹತ್ತಿಕೊಂಡು ಒಬ್ಬೊಬ್ಬರಾಗಿ ನಮ್ಮನ್ನು ದಾಟಿದರು. ಪೀರಿಸರ ಮೊಣಕೈ ತರಚಿತ್ತು. ದಾಟುವಾಗ ಅವರು ಏದುಸಿರಿನಲ್ಲೇ ಕೇಳಿದರು: "ಬಸ್ಸು ಎಲ್ಲಿಗೆ ಮುಟ್ಟಿತು, ಟೀಚರ್?"

"ಕೆಯ್ಯೂರು!" ಎಂದೆ. ಆ ಊರು ಎಲ್ಲಿದೆಯೆಂದು ಅವರಿಗೇನು ಗೊತ್ತು. ಆದರೂ ಅವರು "ಕೆಯ್ಯೂರು, ಕೆಯ್ಯೂರು" ಎಂದು ಹೇಳಿಕೊಂಡೇ ತಿರುವಿನಲ್ಲಿ ಮಾಯವಾದರು.

ಮೇಲೆ ಒಂದು ಕಡೆ ದೊಡ್ಡ ಬಂಡೆಯನ್ನು ಕೊರೆದು ರಸ್ತೆ ಮಾಡಿದ್ದಾರೆ. ಅದರ ಒಳಗೆ ನಮ್ಮ ಉಸಿರಿನ ಸದ್ದು ನಮಗೇ ದೊಡ್ಡದಾಗಿ ಕೇಳಿಸಿತು. ಮಾಡಾವು ಎಂದೆ. ತೊಡೆ ಉರಿಯುತ್ತಿತ್ತು, ಸೀರೆ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಮಾಡಾವು ಮತ್ತು ಬೆಳ್ಳಾರೆಯ ನಡುವೆ ಅಷ್ಟು ದೂರವಿದೆಯೆಂದು ಆ ದಿನದವರೆಗೆ ನನಗೆ ತಿಳಿದಿರಲಿಲ್ಲ. ಕೊನೆಗೆ ರಸ್ತೆ ಸಪಾಟಾಯಿತು. ಅಲ್ಲಿ ನಿಂತಿದ್ದವರೆಲ್ಲ ಕೈ ಬೀಸಿ ಕೂಗುತ್ತಿದ್ದರು. ನಾನೂ ಕುಸುಮಾಳೂ ಒಟ್ಟಿಗೆ ಮುಟ್ಟಿದೆವು. "ಬೆಳ್ಳಾರೆ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕುಸುಮಾ ನನ್ನನ್ನು ಅಪ್ಪಿಕೊಂಡು ಅತ್ತಳು, ನಾನೂ ಅತ್ತೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಪಟ್ಟದ್ದು ಕಡಿಮೆ.

ಮಾವ ನಿಧಾನವಾಗಿ ಬಂದು ಇಳಿದರು. ನಾನು ಅವರ ಮುಖವನ್ನೇ ನೋಡಿದೆ.

"ಇಳಿದದ್ದು ಎರಡು ಸಲ," ಎಂದರು. "ದೂಡಿದ್ದು ಇಲ್ಲ."

ಅಷ್ಟು ಹೇಳಿ ಚೈನು ನೋಡುವವರ ಹಾಗೆ ತಲೆ ತಗ್ಗಿಸಿದರು. ಚೈನಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮತ್ತೆ ಕ್ಯಾಂಡಿ

ಮರುದಿನ ನಾವು ಹೊರಡಬೇಕಿತ್ತು. ಬಿಡಲಿಲ್ಲ. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಎಲ್ಲರೂ ಸೈಕಲು ಹಿಡಿದು ಸಾಲಾಗಿ ನಿಂತಿದ್ದರು, ನನ್ನ ಶನಿವಾರದ ಹುಡುಗಿಯರ ಹಾಗೆಯೇ. ಎಲ್ಲರಿಗಿಂತ ಮುಂದೆ ಪೀರಿಸ್ ಮಾಸ್ಟರು, ಮೊಣಕೈಗೆ ಪಟ್ಟಿ ಕಟ್ಟಿಕೊಂಡು. "ಮುದುಕರನ್ನು ಕಂಡು ಇಳಿಯುವ ದೇಶದ ವಿದ್ಯೆ ಕಲಿಸಿಕೊಡಿ," ಎಂದರು. ಬಾಯಲ್ಲಿ ತಮಾಷೆ ಇತ್ತು, ಕಣ್ಣಲ್ಲಿ ಇರಲಿಲ್ಲ.

ಕಲಿಸಿದೆ. ಬಿದ್ದರು, ಎದ್ದರು, ನಕ್ಕರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಆ ಇಳಿಜಾರಿನಲ್ಲಿ ಸೈಕಲುಗಳು ಅಡ್ಡಡ್ಡ ಓಡಾಡಿದವು. ಅವರವರ ಊರಿನ ಬಸ್ಸು ನಿಲ್ಲುವ ಜಾಗಗಳ ಹೆಸರನ್ನು ಅವರವರು ಕೂಗಿದರು. ಆ ಗದ್ದಲದಲ್ಲಿ ಮಾವ ಕೈ ಹಿಂದೆ ಕಟ್ಟಿಕೊಂಡು, ಸೊಂಟದ ಸ್ಪಾನರಿನ ಜೊತೆಗೆ ಪೀರಿಸರು ಕೊರಳಿಗೆ ಹಾಕಿದ ಸ್ಟಾಪ್ ವಾಚನ್ನೂ ಧರಿಸಿ ತಿರುಗಾಡಿದರು. ಗಡಿಯಾರವನ್ನು ಒಮ್ಮೆಯೂ ಒತ್ತಲಿಲ್ಲ.

ಹೊರಡುವಾಗ ಕುಸುಮಾ ಒಂದು ಕಟ್ಟು ವೀಳ್ಯದೆಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನೆದುರು ಮಂಡಿಯೂರಿದಳು. ಗುರುಗಳಿಗೆ ಅವರು ಹೀಗೆ ಮಾಡುತ್ತಾರಂತೆ. ನನಗೆ ಏನು ಮಾಡಬೇಕೆಂದು ತೋಚದೆ, ಎಲೆ ತೆಗೆದುಕೊಂಡು ಅವಳನ್ನು ಎಬ್ಬಿಸಿದೆ. ಮಾವ ಮೆಲ್ಲ ಅದರಿಂದ ಒಂದು ಎಲೆ ಎಳೆದುಕೊಂಡು ಸುಣ್ಣ ಹಚ್ಚತೊಡಗಿದರು.

ಪುತ್ತೂರು

ಬಂದ ಮರುದಿನವೇ ಮಾವ ರೈಗಳಲ್ಲಿಗೆ ಹೋಗಿ ಸಾಕ್ಷಿ ಹೇಳಿದರು. ನಾನು ಬಾಗಿಲಿನ ಬಳಿ ನಿಂತಿದ್ದೆ.

"ಇಳಿದದ್ದು ಉಂಟು. ದೂಡಿದ್ದು ಇಲ್ಲ."

"ಅದು ಹೇಗೆ ಸೇಸಪ್ಪ?" ರೈಗಳು ಹುಬ್ಬೇರಿಸಿದರು. "ಏರಿನ ನಡುವೆ ಇಳಿದ ಮೇಲೆ ದೂಡದೆ ಹತ್ತುದು ಹೇಗೆ? ನಾನು ಇಷ್ಟು ವರ್ಷ ಸೈಕಲು ಬಿಟ್ಟವ. ಅದು ಆಗುವ ಮಾತಲ್ಲ."

"ಶನಿವಾರ ಬನ್ನಿ. ನೋಡಿದ ಮೇಲೆ ಹೇಳಿ," ಎಂದೆ ನಾನು.

ಶನಿವಾರ ಬೆಳಿಗ್ಗೆ ಹುಡುಗಿಯರನ್ನು ಕರೆದುಕೊಂಡು ಶಾಲೆಯ ಏರಿನ ಬುಡಕ್ಕೆ ಬಂದೆ. ರೈಗಳು ಬಂದಿದ್ದರು. ಎಲ್ಲಿ ನಿಂತಿದ್ದರು ಗೊತ್ತೇ? ಸರಿಯಾಗಿ ಏರಿನ ನಡುವೆ, ಕಡಿದು ಹೆಚ್ಚಿರುವಲ್ಲಿ, ತಮ್ಮ ಸೈಕಲನ್ನು ಹಿಡಿದುಕೊಂಡು. ದೂಡಿಕೊಂಡು ಹೋಗುತ್ತಾ ಅಲ್ಲಿ ನಿಂತದ್ದೋ, ಪರೀಕ್ಷೆ ಮಾಡಲೆಂದೇ ನಿಂತದ್ದೋ ನಾನು ಕೇಳಲಿಲ್ಲ.

ಮೊದಲನೆಯ ಹುಡುಗಿ ಹತ್ತಿದಳು. ರೈಗಳ ಎದುರು ಬಂದಾಗ ಇಳಿದು, ತಲೆ ತಗ್ಗಿಸಿ ನಿಂತಳು. ಆಮೇಲೆ ಸೈಕಲನ್ನು ಅಡ್ಡ ತಿರುಗಿಸಿ, ಹತ್ತಿ, ಮೇಲಕ್ಕೆ ಹೋಗಿಬಿಟ್ಟಳು. ರೈಗಳ ಕತ್ತು ಅವಳ ಹಿಂದೆಯೇ ತಿರುಗಿತು. ಎರಡನೆಯವಳು ಇಳಿದಳು, ನಮಸ್ಕಾರ ಮಾಡಿದಳು, ಅಡ್ಡ ತಿರುಗಿಸಿದಳು, ಹೋದಳು. ಹೀಗೆ ಎಲ್ಲರೂ. ಯಾರೂ ಒಂದು ಹೆಜ್ಜೆ ದೂಡಲಿಲ್ಲ. ಏರಿನ ತಲೆಯಲ್ಲಿ ಅವರು ಒಟ್ಟಿಗೆ ಬೆಲ್ಲು ಬಾರಿಸುವುದು ಕೇಳಿಸಿತು.

ನಾನೂ ಮಾವನೂ ಹತ್ತಿರ ಹೋದಾಗ ರೈಗಳು ನನ್ನ ಕಡೆ ತಿರುಗಿದರು.

"ಟೀಚರೇ, ಇವರೆಲ್ಲ ಇಲ್ಲಿ ಇಳಿಯುದು ಯಾಕೆ?"

"ನೀವು ಹಿರಿಯರಲ್ಲವಾ ರೈಗಳೇ. ನಿಮ್ಮನ್ನು ಕಂಡು ಇಳಿಯುದು."

"ಇನ್ನು ಇಳಿಯುದು ಬೇಡ ಅಂತ ಹೇಳಿ," ಎಂದರು ರೈಗಳು. "ನಾನೇ ಹೇಳಿದ್ದು ಅಂತ ಹೇಳಿ. ಕ್ಲಾಸು ಉಂಟು. ಹೋಗುವವರು ಹೋಗಲಿ."

"ಇಳಿಯದಿದ್ರೆ ಹತ್ತುದು ಕಲಿಯುದು ಹೇಗೆ?" ಎಂದು ಮಾವ ಹಿಂದಿನಿಂದ ಗೊಣಗಿದರು. ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ.

ಹುಡುಗಿಯರು ಇಳಿಜಾರಿನಲ್ಲಿ ಕೆಳಗೆ ಬಂದಾಗ ರೈಗಳ ಮಾತನ್ನು ಹೇಳಿದೆ. ಅವರು ಮತ್ತೆ ತಿರುಗಿ ಏರು ಹತ್ತತೊಡಗಿದರು. ಈ ಸಲ ಯಾರೂ ಇಳಿಯಲಿಲ್ಲ. ರೈಗಳು ತಮ್ಮ ಸೈಕಲನ್ನು ಹಿಡಿದುಕೊಂಡು ರಸ್ತೆಯ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟರು.